ರಂಗಮಂದಿರಕ್ಕೆ ಬಂದ ಬಾಗಿಲು

ನಮ್ಮ ಸೋದರಮಾವನಿಗೆ ನಾಟಕ ಬರುವುದಿಲ್ಲ, ಹಾಡು ಬರುವುದಿಲ್ಲ, ಹಾರ್ಮೋನಿಯಂ ಮುಟ್ಟಿದರೆ ಅದು ಅಳುತ್ತದೆ. ಆದರೂ ಸಿಂಧನೂರಿನ ಹೊಸ ರಂಗಮಂದಿರ ಎದ್ದದ್ದು ತನ್ನಿಂದಲೇ ಎಂದು ಎದೆ ತಟ್ಟಿ ಹೇಳುತ್ತಾನೆ. ನಾನೂ ಹೌದೆನ್ನುತ್ತೇನೆ. ಆ ಮಂದಿರದ ಇಡೀ ಇತಿಹಾಸ ಅವನ ಹಿತ್ತಿಲ ಗೋಡೆಗೆ ಒರಗಿ ನಿಂತಿತ್ತಲ್ಲ! ಅದೊಂದು ತೇಗದ ಬಾಗಿಲು.

ಮೊದಲು ಮಾವನ ಊರಾದ ದಢೇಸುಗೂರಿನ ಕಣದಲ್ಲಿ ನಾಟಕ ಆಡುತ್ತಿದ್ದರಂತೆ. ಖಾಲಿ ಡ್ರಮ್ಮು ಸಾಲಾಗಿಟ್ಟು, ಮನೆಮನೆಯ ಬಾಗಿಲು ಕಿತ್ತು ತಂದು ಹಾಸಿದರೆ ಸ್ಟೇಜು ತಯಾರು. ಮರುದಿನ ಬಾಗಿಲುಗಳು ಅದಲುಬದಲಾಗಿ, ಗೌಡರ ಮನೆಗೆ ದನದ ಕೊಟ್ಟಿಗೆಯ ಬಾಗಿಲು ಬಂದು ಕೂತದ್ದೂ ಉಂಟು. ಮಾವನ ತಾಯಿ, ಅಂದರೆ ನಮ್ಮಜ್ಜಿಯ ಈ ತೇಗದ ಬಾಗಿಲು ಭಾರೀ ಗಟ್ಟಿ. ಗದೆ ಹಿಡಿದು ಕುಣಿಯುವ ದಪ್ಪ ಪಾತ್ರಧಾರಿಯ ಕಾಲಡಿಗೆ ಅದೇ ಬೇಕು.

ಅಜ್ಜಿ ತೀರಿಕೊಂಡ ಮೇಲೆ ನಾಟಕ ಸಿಂಧನೂರಿನ ರೈಸ್ ಮಿಲ್ಲಿನ ಅಂಗಳಕ್ಕೆ ಬಂತು, ಅಲ್ಲಿಂದ ತಗಡಿನ ಶೆಡ್ಡಿಗೆ. ಮಾವ ಊರ ಮನೆಗೆ ತಗಡಿನ ಬಾಗಿಲು ಹಾಕಿಸಿ, ತೇಗದ್ದನ್ನು ಹೊತ್ತು ನಾಟಕದ ಹಿಂದೆಯೇ ಬಂದ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿಯರು ಕುಣಿದದ್ದೂ ಅದರ ಮೇಲೆಯೇ. ಶೆಡ್ಡಿನಲ್ಲಿ ಸಿಮೆಂಟಿನ ಕಟ್ಟೆಯಿತ್ತು, ಬಾಗಿಲು ಯಾಕೆ ಬೇಕಿತ್ತು? ಕೇಳಿದವರಿಗೆ ಒಂದೇ ಉತ್ತರ: "ಇದರ ಮ್ಯಾಲೆ ಹೆಜ್ಜಿ ಇಡಲಾರ್ದ ಒಬ್ಬನರ ಕಲಾವಿದ ಆಗ್ಯಾನೇನು?"

ಹೊಸ ಮಂದಿರದ ಉದ್ಘಾಟನೆಯ ಮುಂಜಾನೆ ಮಾವ ಆಟೋದ ಮೇಲೆ ಬಾಗಿಲು ಕಟ್ಟಿಕೊಂಡು ಹಾಜರ್. ಜೊತೆಗೆ ನಾನು. ಇಂಜಿನಿಯರ್ ಗೇಟಿನಲ್ಲೇ ತಡೆದರು.

"ಯಜಮಾನ್ರ, ಸ್ಟೇಜಿಗೆ ಹೊಸ ಹಲಗಿ ಹಾಕೀವಿ. ಇದಕ್ಕ ಜಾಗ ಇಲ್ರೀ."

"ಸ್ಟೇಜ್ ಯಾರು ಕೇಳ್ಯಾರ್ರೀ? ಮುಂದಿನ ಸಾಲಿನ್ಯಾಗ ಹಾಕ್ರಿ."

"ಅಲ್ಲಿ ಮೆತ್ತನ ಕುರ್ಚಿ ಅದಾವ. ಬಾಗಿಲ ಮ್ಯಾಲೆ ಯಾರು ಕುಂದರ್ತಾರ?"

ನನಗೋ ನಾಚಿಕೆ. "ಮಾಮಾ, ಮನಿಗೆ ನಡಿ, ಮಂದಿ ನಗಾಕತ್ಯಾರ," ಎಂದು ತೋಳು ಹಿಡಿದು ಎಳೆದೆ. ಮಾವ ಕದಲಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವನ ಧ್ವನಿ ತಗ್ಗಿತು.

"ಪ್ರತಿ ನಾಟಕಕ್ಕೂ ಅವ್ವ ಈ ಬಾಗಿಲಾ ಕೊಟ್ಲು. ಬಾಗಿಲಿಲ್ಲದ ಮನಿ ಬಿಟ್ಟು ಹೆಂಗ ಬರ್ತಾಳ್ರೀ? ಹೊಸ್ತಿಲದಾಗ ಕುಂತು ಮನಿ ಕಾದ್ಲು. ಸಾಯೋತನಕ ಒಂದೂ ನಾಟಕ ನೋಡ್ಲಿಲ್ಲ. ಆಕೀನ್ನ ಮುಂದ ಕುಂದರ್ಸಬೇಕ್ರೀ."

ಇಂಜಿನಿಯರ್ ಬಾಗಿಲಿನ ಇನ್ನೊಂದು ತುದಿ ಹಿಡಿದರು.

ಮುಂದಿನ ಸಾಲಿನ ಕುರ್ಚಿಗಳು ಸರಿದವು, ದೊಡ್ಡ ಅತಿಥಿಗಳು ಎರಡನೇ ಸಾಲಿಗೆ ಹೋದರು. ಅಜ್ಜಿಯ ಬಾಗಿಲಿನ ಮೇಲೆ ಮಾವನ ಪಕ್ಕ ಕೂತಾಗ ಆದ ಹೆಮ್ಮೆ ನನಗೆ ಬೇರೆಲ್ಲೂ ಆಗಿಲ್ಲ. ಪರದೆ ಏಳುವ ಹೊತ್ತಿಗೆ ಮಾವ ತುಸು ಸರಿದು, ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟ.