ತಾಳವಾಡಿಯಲ್ಲಿ ಕುಳಿತು ಜರ್ಮನಿ ಓದಿದ್ದು

ಪುಸ್ತಕ ಓದಿ ಮರ್ಯಾದೆ ಸಂಪಾದಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ನನಗೆ ಮಾತ್ರ ಓದಲು ಬಾಯಿ ತೆರೆದಾಗಲೆಲ್ಲ ಇದ್ದ ಮರ್ಯಾದೆಯೂ ಹೋಗಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಮಿಳುನಾಡಿಗೆ ಸೇರಿದ, ಕನ್ನಡ ಮಾತಾಡುವ ಗಡಿಯೂರು ತಾಳವಾಡಿಯಲ್ಲಿ ಒಂದು ಸಣ್ಣ ಗ್ರಂಥಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಬೋರ್ಡಿನ ಮೇಲೆ ತಮಿಳಿನಲ್ಲಿ ‘ನೂಲಗಂ’ ಎಂದಿತ್ತು. ಗ್ರಂಥಾಲಯ ಎಂದು ಅದರ ಅರ್ಥ. ಹಾಗೆಂದು ತಿಳಿಯದೆ ಗುಂಡಿ ಹೊಲಿಯಲು ನೂಲು ಕೇಳಿಕೊಂಡು ಬಂದವರೂ ಉಂಟು.

ಗೋಡೆ ತುಂಬ ತಮಿಳು ಪುಸ್ತಕ. ಕನ್ನಡಕ್ಕೆ ಒಂದೇ ಬೀರು. ಅದರೊಳಗಿನದೆಲ್ಲ ಮೈಸೂರಿನ ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದು. ಅವರಿಗೆ ಜರ್ಮನಿಯ ಹುಚ್ಚು. ಕಾದಂಬರಿಯಾಗಲಿ ಆತ್ಮಕಥೆಯಾಗಲಿ, ಯಾವುದನ್ನು ತೆಗೆದರೂ ಜರ್ಮನಿಯದೇ ಅನುವಾದ. ತಾಳವಾಡಿಯಲ್ಲಿ ಕನ್ನಡ ಓದಬೇಕೆಂದರೆ ಜರ್ಮನಿ ಸುತ್ತಿಕೊಂಡೇ ಬರಬೇಕಿತ್ತು. ಓದುವವರಿಲ್ಲದಿದ್ದರೆ ಬೀರು ಖಾಲಿ ಮಾಡಿಸುತ್ತೇನೆ ಎಂದು ಮೇಲಿನ ಸಾಹೇಬರು ಹೆದರಿಸಿದ ಮೇಲೆ ನಾನೊಂದು ಉಪಾಯ ಹೂಡಿದೆ. ನಮ್ಮ ಜಗಲಿಯ ಮುಂದೆಯೇ ಬಸ್ಸು ನಿಲ್ಲುತ್ತಿತ್ತು. ಸಂತೆ ಮುಗಿಸಿ ಬಸ್ಸಿಗೆ ಕಾಯುವವರಿಗೆ ಗಟ್ಟಿಯಾಗಿ ಓದಿ ಹೇಳತೊಡಗಿದೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನವೇ ಇಲ್ಲವಾದ್ದರಿಂದ ಸಾಹಿತ್ಯಕ್ಕೆ ಕೊರತೆಯಾಗಲಿಲ್ಲ.

೧. ಮಿಲ್ಲಿನ ಮಾದಪ್ಪ

ಜರ್ಮನಿಯ ಹೆಸರುಗಳಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಮೊದಲ ಕಾದಂಬರಿಯಲ್ಲಿ ಹಿಟ್ಟಿನ ಮಿಲ್ಲಿನ ಯಜಮಾನನೊಬ್ಬ, ಮಹಾ ಕುಡುಕ. ಅವನ ಹೆಸರು ಹೇಳಲು ಹೋದಾಗ ಎದುರಿಗೆ ಕೂತಿದ್ದ ಸೊಪ್ಪು ಮಾರುವ ಅಜ್ಜಿಯ ಮುಖದ ಮೇಲೆ ಎಂಜಲು ಸಿಡಿಯಿತು. ಅಂದಿನಿಂದ ಅವನಿಗೆ ಮಾದಪ್ಪ ಎಂದು ಹೆಸರಿಟ್ಟೆ. ನಮ್ಮ ಕಡೆ ಮನೆಗೊಬ್ಬ ಮಾದಪ್ಪ ಇರುತ್ತಾನೆ ಎನ್ನುವುದು ಆಗ ಹೊಳೆಯಲಿಲ್ಲ.

ಮುಂದಿನ ಸಂತೆಗೆ ಒಬ್ಬ ಹೆಂಗಸು ಬಂದು ಬಾಗಿಲಿಗೆ ಅಡ್ಡ ನಿಂತಳು.

“ನೂಲಗದ ಸಾರು ನೀವೇಯಾ? ನಮ್ಮೆಜಮಾನ್ರು ಕುಡ್ದು ರಾಗಿ ಮಾರ್ಕಂಡ ಇಸ್ಯ ಜನದ್ ಮುಂದೆ ಓದುದ್ರಂತಲ್ಲ?”

“ಅಯ್ಯೋ ಇಲ್ಲಮ್ಮಾ! ಆ ಮಾದಪ್ಪ ಜರ್ಮನಿಯವನು. ನೋಡಿ, ಪುಸ್ತಕದಲ್ಲಿ ಅಚ್ಚಾಗಿ ಬಂದಿದೆ” ಎಂದು ಪುಟ ತೆಗೆದು ತೋರಿಸಿದೆ.

ಅವಳು ತಲೆಯ ಮೇಲೆ ಕೈ ಹೊತ್ತು ಕೂತೇಬಿಟ್ಟಳು. “ಅಚ್ಚೂ ಆಗೋಯ್ತಾ! ತವರಿಗೂ ತಿಳೀದಂಗೆ ಮುಚ್ಚಿಟ್ಟಿದ್ದೆ ಕಣಪ್ಪಾ. ಜರ್ಮನಿಗಂಟ ಓಗ್ಬುಡ್ತಲ್ಲಾ ಸುದ್ದಿ!”

೨. ಆಲೂಗಡ್ಡೆ

ಜರ್ಮನಿಯ ಹೆಂಗಸೊಬ್ಬಳು ತನ್ನ ಬಾಲ್ಯ ಬರೆದುಕೊಂಡಿದ್ದಳು. ಯುದ್ಧ ಮುಗಿದು ಊರಿಗೆ ಊರೇ ಹಸಿದಿದೆ. ತಾಯಿ ಮಕ್ಕಳನ್ನು ಕರೆದುಕೊಂಡು ಯಾರದೋ ಹೊಲಕ್ಕೆ ನುಗ್ಗಿ, ಹೆಪ್ಪುಗಟ್ಟಿದ ಮಣ್ಣು ಕೆದಕಿ ಆಲೂಗಡ್ಡೆ ಕದಿಯುತ್ತಾಳೆ. ನಾನು ಗಂಟಲು ನಡುಗಿಸಿ ಓದಿ, ಎಷ್ಟು ಜನ ಅಳುತ್ತಿದ್ದಾರೆ ಎಂದು ತಲೆಯೆತ್ತಿ ನೋಡಿದೆ. ಒಬ್ಬರ ಕಣ್ಣೂ ಒದ್ದೆಯಾಗಿರಲಿಲ್ಲ.

ತಿಗನಾರೆಯಿಂದ ಸಂತೆಗೆ ಬರುತ್ತಿದ್ದ ರೈತ, ನಾವೆಲ್ಲ ತಾತ ಎನ್ನುತ್ತಿದ್ದವರು, ಕೇಳಿದರು: “ಒಲ ಯಾರ್ದು?”

“ಯಾರೋ ರೈತನದು.”

“ಕಾವ್ಲು ಇರ್ನಿಲ್ವಾ?”

“ಅದನ್ನು ಬರೆದಿಲ್ಲ ತಾತ. ಪಾಪ, ಮಕ್ಕಳು ಹಸಿದಿದ್ದವು.”

“ಅಂದಿ ಮರಿಗಳೂ ಅಸ್ದೇ ಬರೋದು ಕಣಪ್ಪ.”

ಕಾಡುಹಂದಿಗೂ ಆನೆಗೂ ಬೆಳೆ ಕೊಟ್ಟು ಸೋತ ಜನ. ಆ ತಾಯಿಯನ್ನು ಓಡಿಸಲು ತಮಟೆ ಸಾಕೇ, ಪಟಾಕಿ ಬೇಕೇ ಎಂದು ಚರ್ಚೆಗೆ ಇಳಿದರು. ನನಗೆ ರೇಗಿತು. “ಅವರು ಮನುಷ್ಯರು ರೀ! ಹಸಿದವರನ್ನು ಕಂಡರೆ ಕರುಣೆ ಬೇಡವೇ?” ಎಂದು ಕೂಗಾಡಿದೆ. ಅಷ್ಟರಲ್ಲಿ ಹಿಂದೆ ಏನೋ ಸರಸರ ಸದ್ದು. ನಾನು ಸಂತೆಯಲ್ಲಿ ಕೊಂಡು ಚೀಲದಲ್ಲಿಟ್ಟಿದ್ದ ಅವರೆಕಾಯಿಯನ್ನು ಒಂದು ಹಸು ನೆಮ್ಮದಿಯಾಗಿ ಮೇಯುತ್ತಿತ್ತು. ಪುಸ್ತಕ ಎಸೆದು, ಕೋಲು ಹಿಡಿದು, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಅದನ್ನು ಅಟ್ಟಿಸಿಕೊಂಡು ಓಡಿದೆ.

ಹಿಂದಿನಿಂದ ತಾತನ ದನಿ ಕೇಳಿಸಿತು: “ತಿನ್ಲಿ ಬುಡಿ ಸಾರು, ಪಾಪ, ಅಸ್ದದೆ!”

೩. ಸೇತುವೆಯ ಮೇಲಿನ ಪ್ರೇಮಿ

ಇನ್ನೊಂದು ಕಾದಂಬರಿಯಲ್ಲಿ ಗಡಿಯಾರ ರಿಪೇರಿಯವನೊಬ್ಬ ಪ್ರತಿ ಸಂಜೆ ಸೇತುವೆಯ ಮೇಲೆ ನಿಂತು ಒಬ್ಬ ಹುಡುಗಿಯ ದಾರಿ ಕಾಯುತ್ತಾನೆ. ಪುಸ್ತಕ ಮುಗಿಯುತ್ತ ಬಂದರೂ ಒಂದು ಮಾತೂ ಆಡುವುದಿಲ್ಲ. ಅವಳು ಬೇಕರಿಯವನನ್ನು ಮದುವೆಯಾಗಿ ಹೋಗುತ್ತಾಳೆ.

“ಓಗಿ ಎಣ್ಣು ಕೇಳಕೆ ಅವ್ನಿಗೆ ಸೋದರಮಾವ ಇರ್ನಿಲ್ವಾ?” ಎಂದಳು ಸೊಪ್ಪಿನಜ್ಜಿ.

“ಅಲ್ಲಿ ಹಾಗೆಲ್ಲ ಕೇಳುವುದಿಲ್ಲ ಅಜ್ಜಿ.”

“ಬಾಯೂ ಇರ್ನಿಲ್ವಾ?”

ನಾನು ಆಗಿನ್ನೂ ಮದುವೆಯಾಗದವನು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಸಂತೆಗೆ ನನಗೆಂದು ನೋಡಿದ ಹೆಣ್ಣಿನ ಅಪ್ಪನನ್ನೇ ಕರೆದುಕೊಂಡು ಬಂದಳು. “ನೋಡಿ, ಇವ್ರೇಯಾ. ಪುಸ್ತಕ ಇಡ್ಕಂಡು ಅಳ್ತಾರೆ. ಬ್ಯಾಗ ಮದ್ವೆ ಮಾಡ್ಬುಡಿ.”

ಮದುವೆಯೂ ಆಯಿತು. ವರ್ಷ ತುಂಬಿದ ಮೇಲೆ ಅದೇ ಕಾದಂಬರಿಯನ್ನು ಹೆಂಡತಿಗೆ ಪ್ರೀತಿಯಿಂದ ಓದಿ ಹೇಳಿದೆ. ಅಕ್ಕಿ ಆರಿಸುತ್ತ ಕೊನೆಯವರೆಗೂ ಕೇಳಿದಳು. “ಆ ಉಡ್ಗೀನೇ ಅವ್ನಿಗೆ ಕೊಟ್ಟು ಮದ್ವೆ ಮಾಡ್ಬೇಕಿತ್ತು ಕಣ್ರೀ,” ಎಂದಳು, “ಒಂದ್ ವರ್ಸಕ್ಕೆ ಎಲ್ಲಾ ವಾಸಿಯಾಗೋದು.”

೪. ಸಾಹೇಬರ ತನಿಖೆ

ಬೀರು ಖಾಲಿ ಮಾಡಿಸುತ್ತೇನೆ ಎಂದಿದ್ದ ಸಾಹೇಬರು ಒಂದು ಸಂತೆಯ ದಿನ ಬಂದೇಬಿಟ್ಟರು. ಅವರಿಗೆ ತಮಿಳು ಬಿಟ್ಟು ಬೇರೆ ಬಾರದು. “ಇಲ್ಲಿ ಏನು ಕೇಳಿದಿರಿ?” ಎಂದು ಸೊಪ್ಪಿನಜ್ಜಿಯನ್ನು ಕೇಳಿದರು. ಅಜ್ಜಿ ತನ್ನ ಸಂತೆಯ ತಮಿಳಿನಲ್ಲಿ ಶುರುಮಾಡಿದಳು. ಅತ್ತೆ ಕಣ್ಣು ಮುಚ್ಚಿದ ಮಾರನೇ ದಿನವೇ ಸೊಸೆ ಬೆಳ್ಳಿ ಸಾಮಾನು ಮಾರಿದಳು, ಮೈದುನನ ಪಾಲಿನ ಜಮೀನನ್ನೂ ತನ್ನ ಹೆಸರಿಗೆ ಬರೆಸಿಕೊಂಡಳು ಎಂದಳು. ತಾತ ಸೊಸೆಯ ಪರ ನಿಂತರು. ಜಗಲಿಯಲ್ಲಿ ಎರಡು ಪಕ್ಷವಾಯಿತು.

ಸಾಹೇಬರ ಮುಖ ಕೆಂಪಾಯಿತು. “ಅನ್ಯಾಯ! ಯಾವ ಊರಿನವಳು ಆಕೆ? ತಹಸೀಲ್ದಾರರಿಗೆ ನಾನೇ ಹೇಳುತ್ತೇನೆ.”

“ಸಾರ್, ಅವಳು ಜರ್ಮನಿಯವಳು. ಕಾದಂಬರಿ” ಎಂದೆ ನಾನು.

ಅವರು ಬೆಂಚಿನ ಮೇಲೆ ಕೂತು, “ಕೊನೆಗೆ ಜಮೀನು ಯಾರಿಗೆ ಹೋಯಿತು?” ಎಂದರು.

“ನಾನಿನ್ನೂ ಅಲ್ಲಿಯವರೆಗೆ ಓದಿಲ್ಲ ಸಾರ್.”

ಬೀರು ಉಳಿಯಿತು. ಗ್ರಂಥಾಲಯದಲ್ಲಿದ್ದೂ ಪುಸ್ತಕ ಓದದವನು ಎಂಬ ಬೈಗುಳ ನನ್ನ ಪಾಲಿಗೆ ಬಂತು. ಸಾಹೇಬರು ಹೋದ ಮೇಲೆ ಅಜ್ಜಿ ಬೇರೆ ಹೇಳಿದಳು: “ಓದ್ಕಂಡು ಬರಬಾರ್ದಾ ಸಾರು? ಎಲ್ಲಾ ನಾವೇ ಏಳ್ಬೇಕಾ?”

೫. ಜರ್ಮನಿಯೇ ಬಂದದ್ದು

ಇಷ್ಟೆಲ್ಲ ಆದರೂ ಜರ್ಮನಿಯ ವಿಷಯದಲ್ಲಿ ನಮ್ಮ ಸಾರನ್ನು ಬಿಟ್ಟರಿಲ್ಲ ಎಂದು ಜನ ನಂಬಿದ್ದರು. ಒಂದು ಮಧ್ಯಾಹ್ನ ತಾತ ಓಡಿಬಂದರು.

“ಬನ್ನಿ ಸಾರು! ಆಸನೂರು ರಸ್ತೇಲಿ ಜೀಪು ಕೆಟ್ಟು ಒಬ್ಬ ಬಿಳೀ ದೊರೆ ಕೂತವ್ನೆ. ಜರ್ಮನಿಯೋನಂತೆ! ಡ್ರೈವರು ಮೆಕ್ಯಾನಿಕ್ಕು ಕರಿಯಕೆ ಓಗವ್ನೆ. ಮಾತಾಡ್ಸೋರಿಲ್ಲ ಪಾಪ.”

ಸಿಪಾಯಿಯೊಬ್ಬನ ಆತ್ಮಕಥೆಯಲ್ಲಿ ಅನುವಾದಕರು ಕೆಲವು ಜರ್ಮನ್ ಮಾತುಗಳನ್ನು ಹಾಗೇ ಬಿಟ್ಟಿದ್ದರು. ಅವೇ ನನ್ನ ಬಂಡವಾಳ. ಊರೇ ಹಿಂದೆ ಬಂತು. ಆತ ಹುಣಸೆಮರದ ನೆರಳಲ್ಲಿ ಕೂತಿದ್ದ. ನಾನು ಎದೆಯುಬ್ಬಿಸಿ “ಗುಟೆನ್ ಮಾರ್ಗೆನ್!” ಎಂದೆ. ಆತ ನೆತ್ತಿಯ ಮೇಲಿದ್ದ ಸೂರ್ಯನನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ನಕ್ಕ. ಮುಂಜಾನೆಗೆ ಹೇಳುವ ಮಾತಂತೆ ಅದು. ನಾನು ಜೀಪು ತೋರಿಸಿ, ಕೆಟ್ಟಿತೇ ಎನ್ನಲು “ಕಪುಟ್?” ಎಂದೆ. “ಕಪುಟ್!” ಎಂದ ಆತ. ಹಿಂದಿನಿಂದ ಜನ ಚಪ್ಪಾಳೆ ತಟ್ಟಿದರು.

ಅಲ್ಲಿಗೇ ನಿಲ್ಲಿಸಬೇಕಿತ್ತು. ತನ್ನ ಭಾಷೆಯವನೇ ಸಿಕ್ಕಿದನೆಂದು ಆತ ಎದ್ದು ನಿಂತು, ನನ್ನ ಕೈ ಹಿಡಿದು ಸುರಿಮಳೆಯಂತೆ ಮಾತಾಡತೊಡಗಿದ. ನಾನು “ಯಾ, ಯಾ” ಎಂದು ತಲೆಯಾಡಿಸಿದೆ. ಆತ ಏನೋ ಪ್ರಶ್ನೆ ಕೇಳಿದ. “ಯಾ” ಎಂದೆ. ಮತ್ತೆ ಅದನ್ನೇ ಕೇಳಿದ. ನನ್ನ ಬಳಿ ಉಳಿದಿದ್ದದ್ದು ಸಿಪಾಯಿಯ ಕೊನೆಯ ಮಾತೊಂದೇ.

“ಹಾಲ್ಟ್!” ಎಂದು ಕೂಗಿದೆ. ಕಾವಲು ಸಿಪಾಯಿ ‘ನಿಲ್ಲು’ ಎಂದು ಗದರಿಸುವ ಮಾತದು.

ಆತ ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ನನ್ನ ಮುಖ ನೋಡಿ ಎಲ್ಲ ಅರ್ಥವಾಯಿತೇನೋ. ಕೊಯಮತ್ತೂರಿನ ಕಡೆಯ ಯಾವುದೋ ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ಇದ್ದ ಡಾಕ್ಟರಂತೆ, ಆಮೇಲೆ ತಿಳಿಯಿತು. ಮೆತ್ತಗೆ, ಅಚ್ಚ ತಮಿಳಿನಲ್ಲಿ, “ಅಣ್ಣೇ, ಕುಡಿಕ್ಕ ಕೊಂಜಂ ತಣ್ಣಿ ಕಿಡೈಕ್ಕುಮಾ?” ಎಂದ. ಕುಡಿಯಲು ಸ್ವಲ್ಪ ನೀರು ಸಿಗುತ್ತದೆಯೇ ಎಂದು ಕೇಳಿದ್ದು.

ನಾನು ಜೀಪಿನ ಕೆಳಗೆ ನುಸುಳಲು ಜಾಗವಿದೆಯೇ ಎಂದು ನೋಡುತ್ತಿದ್ದೆ. ಆಗ ತಾತ ಎಲ್ಲರ ಕಡೆ ತಿರುಗಿ, ಮೀಸೆಯ ಮೇಲೆ ಕೈಯಾಡಿಸಿಕೊಂಡು ಹೇಳಿದರು:

“ಕಂಡ್ರಲಾ ನಮ್ ಸಾರ್ನ! ಒಂದೇ ಒಂದು ಗದರು ಗದರುದ್ರು, ದೊರೆಗೆ ತಮಿಳು ಬಂದ್ಬುಡ್ತು ಕಣ್ಲಾ!”