ಮೂರು ತಿಂಗಳ ಸಿಟ್ಟು

ಅವನಿಗೆ ಡೈರಿ ಬರೆಯುವ ಚಟ ಹತ್ತಿಸಿದ್ದು ಡಾಕ್ಟರು. "ಸಿಟ್ಟು ನುಂಗ್ತಾ ಕೂತ್ರೆ ಬಿಪಿ ಇಳಿಯಲ್ಲ ಕಣ್ರೀ. ಬರೆದು ಹೊರಗೆ ಹಾಕಿ," ಅಂದಿದ್ದರು. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಆ ಪುಣ್ಯಾತ್ಮ ಮಾತಿನಲ್ಲಿ ಬೆಕ್ಕಿನ ಮರಿಯಾದರೂ ಬರವಣಿಗೆಯಲ್ಲಿ ಹುಲಿ. ಮೂರು ತಿಂಗಳಿನಿಂದ ಅಂಗಡಿಯವರನ್ನೆಲ್ಲ ಡೈರಿಯಲ್ಲಿ ಹಿಗ್ಗಾಮುಗ್ಗಾ ಝಾಡಿಸಿದ್ದ. ಬಿಪಿ ಇಳಿದಿತ್ತು, ನಿದ್ದೆ ಬರುತ್ತಿತ್ತು, ಎಲ್ಲರ ಮುಖ ನೋಡಿ ನಗುವುದೂ ಸಾಧ್ಯವಾಗಿತ್ತು. ಆ ನಗುಮುಖ ಕಂಡೇ ಮಾಲೀಕರು ಹೊಸ ಅಂಗಡಿಯ ಉಸ್ತುವಾರಿ ಅವನಿಗೇ ಎಂದು ತೀರ್ಮಾನಿಸಿದ್ದರು. ಅವತ್ತು ಸಂಜೆ ಎಲ್ಲರ ಮುಂದೆ ಹೇಳುವುದೊಂದೇ ಬಾಕಿ.

ಊಟದ ಹೊತ್ತಿಗೆ ಚೀಲಕ್ಕೆ ಕೈ ಹಾಕಿದರೆ ಡೈರಿ ಇಲ್ಲ. ಹಿಂದಿನ ದಿನ ಅಂಗಡಿಯ ಮೇಜಿನ ಮೇಲಿಟ್ಟು ಬರೆದದ್ದು ನೆನಪಿತ್ತು, ತಿರುಗಿ ಚೀಲಕ್ಕೆ ಹಾಕಿದ್ದು ನೆನಪಿರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ ಕೊಡವಿದ.

"ಏನು ಹುಡುಕ್ತಿದೀರಿ?" ಎಂದು ಗಲ್ಲೆಯ ಮುಂದೆ ಕೂತಿದ್ದ ಕ್ಯಾಶಿಯರ್ ನಕ್ಕ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ.

"ಬೇಜಾರ್ ಮಾಡ್ಕೋಬೇಡಿ. ನಿಮ್ಮ ಹಾಡು ಕೇಳಿದ್ರೆ ತುಕ್ಕು ಹಿಡಿದ ಬಾಗಿಲು ನೆನಪಾಗತ್ತೆ ಅಂತ ಬರೆದಿದ್ದು ಬರೀ ತಮಾಷೆಗೆ."

"ಎಲ್ಲಿ ಬರೆದಿದೀರಿ?"

"ಡೈರಿಲಿ. ಓದಿಲ್ವಾ ನೀವು?"

ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದ. ಆದರೆ ಇವನ ಹತ್ತಿರ ಇಲ್ಲವೆಂದರೆ ಕಣ್ಣು ಪರೀಕ್ಷಿಸುವ ಮೇಡಂ ಕೈಗೇ ಸಿಕ್ಕಿರಬೇಕು ಎಂದು ಅವರ ಕೋಣೆಗೆ ನುಗ್ಗಿದ. ಮೇಡಂ ಒಬ್ಬ ಅಜ್ಜಿಗೆ ಗೋಡೆಯ ಅಕ್ಷರ ಓದಿಸುತ್ತಿದ್ದರು.

"ಕ್ಷಮಿಸಿ ಮೇಡಂ. ಊರವರ ಕಣ್ಣೆಲ್ಲ ನೋಡ್ತಾರೆ, ಗಡಿಯಾರ ಮಾತ್ರ ನೋಡಲ್ಲ ಅಂತ ಬರೀಬಾರದಿತ್ತು."

"ಸರಿಯಾಗೇ ಬರೆದಿದಾನೆ. ಬೆಳಗ್ಗಿಂದ ಕಾಯಿಸಿದಾಳೆ ನನ್ನ," ಎಂದರು ಅಜ್ಜಿ.

ಮೇಡಂ ಕೈಯ ಕೋಲು ಅಕ್ಷರ ಬಿಟ್ಟು ಬಾಗಿಲು ತೋರಿಸಿತು.

ಉಳಿದವರು ಮಾಲೀಕರು. ಅವರ ಮುಂದೆ ಕೈಮುಗಿದು ನಿಂತ. "ಸಾರ್, ಡೈರಿಲಿ ನಿಮ್ಮನ್ನ ಜಿಪುಣ ಅಂದಿದ್ದು ನಿಜ. ಎಂಜಲು ಕೈಲಿ ಕಾಗೆ ಓಡಿಸಲ್ಲ ಅನ್ನೋದು ಮಾತ್ರ ಸಿಟ್ಟಲ್ಲಿ ಬಂದುಬಿಡ್ತು."

ಮಾಲೀಕರು ನಿಧಾನವಾಗಿ ಕನ್ನಡಕ ತೆಗೆದು ಒರೆಸಿದರು. "ಡೈರಿ ಗೀರಿ ನಾನು ನೋಡಿಲ್ಲಪ್ಪ. ಇನ್ನೂ ಏನೇನ್ ಬರೆದಿದೀಯ, ಹೇಳು."

ಹೇಳಿದ. ದೊಡ್ಡವರು ಕೇಳಿದರೆ ಮುಚ್ಚಿಡುವ ಜಾಯಮಾನ ಅವನದಲ್ಲ. ಸಂಜೆಯ ಹೊತ್ತಿಗೆ ಹೊಸ ಅಂಗಡಿ ಕ್ಯಾಶಿಯರ್ ಪಾಲಾಗಿತ್ತು, ಅವನು ಬೇಕೆಂದೇ ಗಟ್ಟಿಯಾಗಿ ಹಾಡುತ್ತಿದ್ದ.

ಕಾಲೆಳೆದುಕೊಂಡು ಮನೆಗೆ ಬಂದರೆ ಡೈರಿ ಮಂಚದ ಮೇಲೆ. ಪಕ್ಕದಲ್ಲಿ ಮುಖ ಊದಿಸಿಕೊಂಡ ಹೆಂಡತಿ.

"ರಾತ್ರಿ ನಿದ್ದೆಗಣ್ಣಲ್ಲೇ ಏನೋ ಬರೀತಾ ಹಾಗೇ ನಿದ್ದೆ ಹೋಗಿದ್ರಿ. ಪೂರ್ತಿ ಓದಿದೆ."

ಬೆಳಗಿನಿಂದ ಮೊದಲ ಸಲ ಅವನಿಗೆ ಧೈರ್ಯ ಬಂತು. ಹೆಂಡತಿಯ ವಿಷಯದಲ್ಲಿ ಒಂದಕ್ಷರವನ್ನೂ ಬರೆಯದ ಜಾಣ ಅವನು. "ನಿನ್ನ ಬಗ್ಗೆ ಏನಾದ್ರೂ ಇದೆಯೇನೇ ಅದ್ರಲ್ಲಿ?" ಎಂದು ಎದೆಯುಬ್ಬಿಸಿ ಕೇಳಿದ.

"ನಾನೂ ಅದನ್ನೇ ಕೇಳ್ತಿರೋದು. ಮಾಲೀಕ್ರಿಗೆ ಪುಟಗಟ್ಟಲೆ. ಆ ಮೇಡಂಗೂ ಪುಟಗಟ್ಟಲೆ. ಎದುರುಮನೆ ನಾಯಿಗೂ ಒಂದು ಪುಟ. ಮೂರು ತಿಂಗಳಲ್ಲಿ ಕಟ್ಕೊಂಡವಳು ಒಂದು ದಿನನಾದ್ರೂ ನೆನಪಾಗ್ಲಿಲ್ವಾ?" ಅವಳ ಕಣ್ಣು ತುಂಬಿತ್ತು. ಅವನಿಗೆ ನಿಜಕ್ಕೂ ಪಾಪ ಅನ್ನಿಸಿತು.

ಅವಳು ಮೂಗೊರೆಸಿಕೊಂಡು ಡೈರಿಯನ್ನೂ ಪೆನ್ನನ್ನೂ ಅವನ ಮುಂದಿಟ್ಟಳು. "ಈಗ ಬರೀರಿ. ಹೊಗಳಿ ಅಂತ ಹೇಳ್ತಿಲ್ಲ, ಮನಸ್ಸಲ್ಲಿರೋದನ್ನ ಬರೀರಿ. ನಾನು ಇಲ್ಲೇ ಕೂತು ಓದ್ತೀನಿ."

ಅವನು ಪೆನ್ನಿನ ಮುಚ್ಚಳ ತೆಗೆದ. ಇಳಿದಿದ್ದ ಬಿಪಿ ಒಂದೊಂದೇ ಮೆಟ್ಟಿಲು ಹತ್ತಿ ವಾಪಸು ಬರತೊಡಗಿತು.