ಕಣದಲ್ಲಿ ಗೆದ್ದ ಸೈಕಲ್ಲು

ಹೆಂಡತಿಯ ಗೇರ್ ಸೈಕಲ್ಲನ್ನು ನಾನೇ ಗೇರಿಲ್ಲದ ಸಿಂಗಲ್ ಸ್ಪೀಡ್ ಮಾಡಿಕೊಡುತ್ತೇನೆ ಎಂದು ಘೋಷಿಸಿದಾಗ ನನ್ನ ಬಳಿ ಇದ್ದದ್ದು ಒಂದು ಸ್ಪ್ಯಾನರು, ಒಂದು ಸುತ್ತಿಗೆ, ಮತ್ತು ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋ. ವಿಡಿಯೋ ಪೂರ್ತಿ ನೋಡಿರಲಿಲ್ಲ. ಅರ್ಧಕ್ಕೇ ನನಗೆ ಎಲ್ಲ ಅರ್ಥವಾಗಿತ್ತು!

ನನ್ನ ಹೆಂಡತಿ ಸುಮಾ ಆಲ್ದೂರಿನ ಶಾಲೆಯೊಂದರಲ್ಲಿ ಟೀಚರು. ಮನೆಯಿಂದ ಮೇಲಿನ ಬಸ್ ಸ್ಟಾಪಿನವರೆಗೆ ಸೈಕಲ್ಲು, ಅಲ್ಲಿಂದ ಬಸ್ಸು. ಆ ಬಸ್ಸು ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಮಕ್ಕಳ ಪ್ರಾರ್ಥನೆಯೂ ಮುಗಿದು, ಮೊದಲನೇ ಪಾಠವೂ ಮುಗಿದಿರುತ್ತದೆ. ತಡವಾಗಿ ಹೋದರೆ ಅವಳ ಹೆಡ್ ಮೇಡಂ ಬೈಯುವುದಿಲ್ಲ. ಸುಮ್ಮನೆ ಗೋಡೆ ಗಡಿಯಾರ ನೋಡುತ್ತಾರೆ. ಬೈದರೆ ತಡೆದುಕೊಳ್ಳಬಹುದು, ಅದೊಂದನ್ನು ತಡೆದುಕೊಳ್ಳಲಾಗುವುದಿಲ್ಲ ಎನ್ನುತ್ತಾಳೆ ಸುಮಾ. ಸ್ಕೂಟರಿನಲ್ಲಿ ಬಿಟ್ಟು ಬರೋಣವೆಂದರೆ ನನಗೆ ಸ್ಕೂಟರ್ ಬರುವುದಿಲ್ಲ. ಕಲಿಯಲು ಹೋದ ಕಥೆ ಇಲ್ಲಿ ಬೇಡ.

ಈ ಸಲದ ಮಳೆಗೆ ಸೈಕಲ್ಲಿನ ಗೇರು ತುಕ್ಕು ಹಿಡಿದು, ತುಳಿಯುವಾಗ ತನಗೆ ಬೇಕಾದ ಕಡೆ ಹಾರತೊಡಗಿತು. ಚಿಕ್ಕಮಗಳೂರಿನ ಸೈಕಲ್ ಅಂಗಡಿಯಾತ, ಇಡೀ ಗೇರ್ ಸೆಟ್ಟೇ ಬದಲಾಯಿಸಬೇಕು ಎಂದು ಒಂದು ಮೊತ್ತ ಹೇಳಿದ. ನನ್ನ ಕೈ ತಾನಾಗಿಯೇ ಹೋಗಿ ಜೇಬನ್ನು ಮುಚ್ಚಿಕೊಂಡಿತು. ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿದ್ದ ಕಾಲ ಅದು. ಕೈಯಲ್ಲಿ ಕಾಸಿರಲಿಲ್ಲ.

"ಗೇರೇ ಇಲ್ದಿದ್ರೆ ಕೆಡೋದೇನು?" ಎಂದೆ ನಾನು.

"ನಿಮಗೆ ಮಾಡಕ್ಕೆ ಬರ್ತದಾ?" ಎಂದಳು ಸುಮಾ.

"ಬರದೇ ಇರಕ್ಕೆ ಅದೇನು ವಿಮಾನವಾ ಮಾರಾಯ್ತಿ?"

"ಸೋಮವಾರ ನಂಗೆ ಬಸ್ಸು ತಪ್ಪಬಾರ್ದು ನೋಡಿ."

"ಭಾನುವಾರ ಸಂಜೆ ಸೈಕಲ್ಲು ನಿನ್ನ ಕೈಲಿ!" ಎಂದು ವಚನವಿತ್ತೆ.

ಭಾನುವಾರ ಕೆಲಸದ ಮೊದಲ ಘಟ್ಟ ಅದ್ಭುತವಾಗಿ ನೆರವೇರಿತು. ಬಿಚ್ಚುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಗೇರು, ಅದರ ವೈರು, ಹ್ಯಾಂಡಲ್ಲಿನ ಗುಂಡಿ ಎಲ್ಲವೂ ಅಂಗಳಕ್ಕೆ ಬಿದ್ದವು. ಅದೇ ಹೊತ್ತಿಗೆ ರಸ್ತೆಯಲ್ಲಿ ಗುಜರಿಯವನ ಗಾಡಿ ಕೂಗಿಕೊಂಡು ಬಂತು. ಇನ್ನು ಇವು ಯಾಕೆ? ಎಲ್ಲವನ್ನೂ ಅವನಿಗೆ ಕೊಟ್ಟೆ. ಅವನು ಒಂದು ನೀಲಿ ಪ್ಲಾಸ್ಟಿಕ್ ಮಗ್ ಕೊಟ್ಟ. ಖರ್ಚಿಲ್ಲದೆ ರಿಪೇರಿ, ಮೇಲೆ ಲಾಭ!

ಎರಡನೆಯ ಘಟ್ಟದಲ್ಲಿ ಚೈನು ತಕರಾರು ತೆಗೆಯಿತು. ಅದನ್ನು ಬಿಗಿಯಾಗಿ ಹಿಡಿದಿದ್ದ ಭಾಗವೇ ಗುಜರಿಗೆ ಹೋಗಿತ್ತಲ್ಲ, ಮದುವೆ ಮುಗಿದ ಮನೆಯ ತೋರಣದಂತೆ ಜೋತುಬಿತ್ತು. ಕೊಂಡಿ ಕಳಚಿದೆ. ಗಿಡ್ಡವಾಯಿತು. ಒಂದು ಸೇರಿಸಿದೆ. ಉದ್ದವಾಯಿತು. ಹಿಂದಿನ ಹಲ್ಲು ಚಕ್ರಗಳಲ್ಲಿ ಒಂದೊಂದಕ್ಕೇ ಹಾಕಿ ನೋಡುತ್ತಾ ಹೋದೆ. ಕೊನೆಗೆ ಎಲ್ಲಕ್ಕಿಂತ ಸಣ್ಣ ಚಕ್ರದ ಮೇಲೆ ಚೈನು ಬಿಗಿಯಾಗಿ ಕೂತಿತು. ಯಾವ ಚಕ್ರ ಬೇಕೆಂದು ನಾನು ಆರಿಸಲಿಲ್ಲ, ಚೈನೇ ಆರಿಸಿತು. ನಾನು ಅದರ ತೀರ್ಪಿಗೆ ತಲೆಬಾಗಿದೆ.

ಪರೀಕ್ಷೆ ನಡೆದದ್ದು ನಮ್ಮ ಸಿಮೆಂಟಿನ ಕಣದಲ್ಲಿ. ಒಣಗುತ್ತಿದ್ದ ಕಾಫಿಯನ್ನು ನಡುವಿಗೆ ಎಳೆದು, ಸುತ್ತ ಸೈಕಲ್ ಹೊಡೆದೆ. ಅಬ್ಬಾ, ಏನು ವೇಗ! ಪಕ್ಕದ ತೋಟದ ರಾಮೇಗೌಡರು ಬೇಲಿಯಾಚೆ ನಿಂತು ನೋಡಿದರು.

"ಬಾಣ ಹೋದಂಗೆ ಹೋಗ್ತದಲ್ಲ ಮಾರಾಯ! ನಮ್ಮ ಮೊಮ್ಮಗಳದ್ದೂ ಒಂದು ಗೇರ್ ಸೈಕಲ್ ಇದೆ, ನಾಳೆ ತರ್ಲಾ?"

"ತನ್ನಿ ಗೌಡ್ರೇ, ಅದನ್ನೂ ಒಂದೇ ಸ್ಪೀಡ್ ಮಾಡಿಕೊಡೋಣ. ನಮ್ಮಂಥವರು ಇರೋದೇ ಅದಕ್ಕೆ," ಎಂದೆ.

ಸೋಮವಾರ ಬೆಳಿಗ್ಗೆ ಸುಮಾ ಊಟದ ಡಬ್ಬಿ, ತಿದ್ದಿದ ಪುಸ್ತಕಗಳ ಚೀಲ ಏರಿಸಿಕೊಂಡು ಹೊರಟಳು. ಗೇಟಿನವರೆಗೆ ಸೈಕಲ್ಲು ಜಮ್ಮೆಂದು ಹೋಯಿತು. ಗೇಟು ದಾಟಿದ್ದೇ ಏರು ಶುರು. ಪೆಡಲಿನ ಮೇಲೆ ಎದ್ದು ನಿಂತಳು. ಪೆಡಲೂ ನಿಂತಿತು.

"ರೀ, ಇದು ತುಳಿಯಕ್ಕೇ ಆಗ್ತಿಲ್ಲ!"

"ಹೊಸದಲ್ವಾ, ಸ್ವಲ್ಪ ಬಿಗಿ ಇರ್ತದೆ."

"ನಿನ್ನೆ ಕಣದಲ್ಲಿ ಅಷ್ಟು ಚೆನ್ನಾಗಿ ಹೋಗ್ತಿತ್ತು?"

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಸುತ್ತಮುತ್ತ ಸಮತಟ್ಟಾದ ಜಾಗವೆಂದರೆ ಆ ಕಣ ಒಂದೇ! ಉಳಿದಿದ್ದೆಲ್ಲ ಏರು, ಇಲ್ಲವೇ ಇಳಿಜಾರು. ಸಣ್ಣ ಚಕ್ರ ಓಟಕ್ಕೆ, ದೊಡ್ಡ ಚಕ್ರ ಏರಿಗೆ ಎನ್ನುವ ವಿಷಯ ವಿಡಿಯೋದ ಉಳಿದರ್ಧದಲ್ಲಿ ಇದ್ದಿರಬೇಕು.

"ಹಳೇ ಗೇರನ್ನೇ ಹಾಕಿಬಿಡಿ. ಎಲ್ಲಿದೆ ಅದು?"

"ಅದು... ಮಗ್ ಆಗಿದೆ."

ಅಷ್ಟರಲ್ಲಿ ಮುಖ್ಯ ರಸ್ತೆಯ ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಸುಮಾಳ ಕಣ್ಣಲ್ಲಿ ನೀರು ತುಂಬಿತ್ತು.

"ಇಳಿಬೇಡ, ಹಾಗೇ ಕೂತಿರು," ಎಂದು ಪಂಚೆ ಎತ್ತಿ ಕಟ್ಟಿ, ಸೀಟಿನ ಹಿಂದೆ ಕೈಯಿಟ್ಟು ತಳ್ಳತೊಡಗಿದೆ. ಅರ್ಧ ಏರಿನಲ್ಲಿ ನನ್ನ ಉಸಿರು ನನಗಿಂತ ಮುಂದೆ ಹೋಗುತ್ತಿತ್ತು. ಎದುರಿಗೆ ಮೊಮ್ಮಗಳ ಸೈಕಲ್ ತಳ್ಳಿಕೊಂಡು ರಾಮೇಗೌಡರು ಬರಬೇಕೆ!

"ಏನ್ ಮಾರಾಯ, ಒಂದೇ ಸ್ಪೀಡ್ ಅಂದಿದ್ದೆ?"

ನಾನು ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ತಳ್ಳಿದೆ. ಸುಮಾ ಕಣ್ಣೊರೆಸಿಕೊಂಡು ಹೇಳಿದಳು: "ಏರಿಗೆ ಬೇರೆ ಗೇರ್ ಇದೆ ಗೌಡ್ರೇ, ಹಿಂದೆ ಬರ್ತಾ ಇದೆ ನೋಡಿ!"

ಗೌಡರು ನನ್ನನ್ನೊಮ್ಮೆ, ಮೊಮ್ಮಗಳ ಸೈಕಲ್ಲನ್ನೊಮ್ಮೆ ನೋಡಿ, ಸದ್ದಿಲ್ಲದೆ ಅದನ್ನು ಮನೆಯ ಕಡೆಗೆ ತಿರುಗಿಸಿದರು.

ಬಸ್ಸು ಸಿಕ್ಕಿತು. ಕಂಡಕ್ಟರ್ ನಮ್ಮನ್ನು ನೋಡಿ ಶಿಳ್ಳೆ ಹೊಡೆಯುವುದನ್ನೇ ಮರೆತು ನಿಂತಿದ್ದ. ಹೆಡ್ ಮೇಡಂ ಅಂದು ಗಡಿಯಾರ ನೋಡಲಿಲ್ಲವಂತೆ.

ಕಾಫಿ ಮಾರಿದ ಮೇಲೆ ಹೊಸ ಗೇರು ಹಾಕಿಸುವುದೆಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಸುಮಾ ಸೈಕಲ್ಲಿನ ಮೇಲೆ ಕೂತು, ಹಿಂತಿರುಗಿಯೂ ನೋಡದೆ ಹೇಳುತ್ತಾಳೆ:

"ರೀ, ಗೇರ್ ಹಾಕಿ."

ನಾನು ಪಂಚೆ ಎತ್ತಿ ಕಟ್ಟುತ್ತೇನೆ.